ಟ್ರೋಫಿ ಟೇಬಲ್ ಪಕ್ಕ ನಿಂತು ನೋಡಿದ್ದು

ಸಿನಿಮಾ ಪ್ರಶಸ್ತಿ ಸಮಾರಂಭಗಳನ್ನು ಟಿವಿಯಲ್ಲಿ ನೋಡುತ್ತಾ ಬೆಳೆದವಳು ನಾನು. ಈಚೆಗೆ ಅಂಥದ್ದೇ ಒಂದು ಸಮಾರಂಭದಲ್ಲಿ ವೇದಿಕೆಯ ಹಿಂದೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ಹಿಂದಿ ಸಿನಿಮಾದವರ ಸಮಾರಂಭ, ನಡೆದದ್ದು ಮುಂಬೈಯ ವರ್ಲಿಯಲ್ಲಿ. ಯಾವ ಪ್ರಶಸ್ತಿ, ಯಾವ ಚಾನೆಲ್ ಅಂತ ಬರೆಯುವುದಿಲ್ಲ. ಬಹುತೇಕ ಎಲ್ಲ ಕಡೆಯೂ ಹೀಗೇ ನಡೆಯುತ್ತದೆ ಎಂದು ಆ ಕೆಲಸದಲ್ಲೇ ಹಳಬರಾದವರು ಹೇಳುತ್ತಾರೆ. ಆ ರಾತ್ರಿ ಹಾಲ್‌ನಲ್ಲಿ ಏನೇನು ಆಯಿತು, ಅದರಲ್ಲಿ ಎಷ್ಟು ನಮ್ಮ ಮನೆಗಳ ಟಿವಿಗೆ ಬಂತು, ಯಾರ ಪಾಲಿನದು ಬರಲೇ ಇಲ್ಲ ಅನ್ನುವುದನ್ನು ಹೇಳಬೇಕಾಗಿದೆ.

ನಮ್ಮದು ಮುಂಬೈಯ ಹೊರವಲಯದ ಡೊಂಬಿವಲಿ. ಅಪ್ಪ ಧಾರವಾಡದಿಂದ ಬಂದು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕನ್ನಡ ನಾಟಕ ಆಡುವಾಗ ನಾನು ಕಾಲೇಜಿನ ದಿನಗಳಿಂದಲೂ ಪರದೆಯ ಹಿಂದಿನ ಕೆಲಸ ಮಾಡುತ್ತಾ ಬಂದಿದ್ದೇನೆ. ಯಾರು ಯಾವ ಕಡೆಯಿಂದ ಒಳಗೆ ಹೋಗಬೇಕು, ಕೈಯಲ್ಲಿ ಏನಿರಬೇಕು, ಯಾವ ಮಾತಿಗೆ ದೀಪ ಆರಬೇಕು, ಇವೆಲ್ಲ ನನ್ನ ಜವಾಬ್ದಾರಿ. ನಮ್ಮ ನಾಟಕಗಳಿಗೆ ಬೆಳಕು ಮಾಡುವ ಒಬ್ಬರು ದೊಡ್ಡ ಶೋಗಳಲ್ಲೂ ದುಡಿಯುತ್ತಾರೆ. ‘ಬ್ಯಾಕ್‌ಸ್ಟೇಜ್‌ಗೆ ಜನ ಬೇಕಂತೆ ಕಣಮ್ಮ, ಬರ್ತೀಯಾ?’ ಎಂದು ಅವರೇ ಕೇಳಿದರು. ಅಂಧೇರಿಯ ಆಫೀಸಿಗೆ ಹೋದೆ. ಇಡೀ ರಾತ್ರಿ ನಿಲ್ಲಲು ಆಗುತ್ತದಾ, ಹಿಂದಿ ಮರಾಠಿ ಬರುತ್ತದಾ, ತಾರೆಯರ ಜೊತೆ ಫೋಟೋ ತೆಗೆಸಿಕೊಳ್ಳದೆ ಇರುತ್ತೀಯಾ ಎಂದು ಕೇಳಿದರು. ಮೂರಕ್ಕೂ ಹೂಂ ಅಂದೆ. ಏನನ್ನೂ ಮೊದಲೇ ಹೊರಗೆ ಹೇಳುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ವೇದಿಕೆಯ ಎಡಬದಿಯ ಟ್ರೋಫಿ ಟೇಬಲ್ ನನ್ನ ಪಾಲಿಗೆ ಬಂತು. ಟ್ರೋಫಿಯನ್ನು ಸರಿಯಾದ ಹೊತ್ತಿಗೆ ಒಳಗೆ ಕಳಿಸುವುದು, ಗೆದ್ದವರು ಇಳಿದು ಬಂದಾಗ ಕೈಹಿಡಿದು ಕತ್ತಲಲ್ಲಿ ದಾರಿ ತೋರಿಸುವುದು, ಫೋಟೋ ತೆಗೆಯುವ ಕೋಣೆಯವರೆಗೆ ತಲುಪಿಸುವುದು.

ಮೊದಲು ಕೈಗೆ ಬಂದದ್ದು ರನ್ನಿಂಗ್ ಆರ್ಡರ್. ಇಡೀ ರಾತ್ರಿಯ ಪಟ್ಟಿ ಅದು. ಯಾವ ಪ್ರಶಸ್ತಿ ಯಾವ ಹೊತ್ತಿಗೆ, ಕೊಡುವವರು ಯಾರು, ಯಾವ ಕಡೆಯಿಂದ ಬರುತ್ತಾರೆ, ಮೈಕ್ ಯಾವುದು, ಹಿಂದಿನ ಪರದೆಯಲ್ಲಿ ಏನು ಓಡಬೇಕು ಎಲ್ಲವೂ ಅದರಲ್ಲಿರುತ್ತದೆ. ದಿನಕ್ಕೆ ಹಲವು ಸಲ ಬದಲಾಗುತ್ತದೆ. ಒಬ್ಬ ನಟನಿಗೆ ಬೇರೆ ಕಡೆ ಶೂಟಿಂಗ್ ಬಂತೆಂದರೆ ಸಾಕು, ಕೆಳಗಿನದೆಲ್ಲ ಮೇಲಾಗುತ್ತದೆ. ಹೊಸ ಪಟ್ಟಿ ಬಂದಾಗ ಹಾಳೆಯ ಬಣ್ಣವೂ ಬದಲಾಗುತ್ತದೆ. ಹಳೆಯ ಬಣ್ಣದ ಹಾಳೆ ಕೈಯಲ್ಲಿ ಕಂಡರೆ ಬೈಸಿಕೊಳ್ಳಬೇಕು.

ಆ ಪಟ್ಟಿಯಲ್ಲಿ ಒಂದು ವಿಷಯ ಮೊದಲ ದಿನವೇ ಕಣ್ಣಿಗೆ ಬಿತ್ತು. ಸಂಕಲನ, ಛಾಯಾಗ್ರಹಣ, ಧ್ವನಿ ವಿನ್ಯಾಸ, ಹಿನ್ನೆಲೆ ಸಂಗೀತ, ಪ್ರೊಡಕ್ಷನ್ ಡಿಸೈನ್, ವಸ್ತ್ರ ವಿನ್ಯಾಸ, ಸಾಹಸ, ನೃತ್ಯ ನಿರ್ದೇಶನ, ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಮಾಡುವ ದೃಶ್ಯ ಪರಿಣಾಮ). ಈ ಒಂಬತ್ತೂ ಪಟ್ಟಿಯ ತೀರಾ ಮೊದಲಲ್ಲಿದ್ದವು. ನಿರೂಪಕರು ವೇದಿಕೆಗೆ ಬರುವುದಕ್ಕೂ ಮುಂಚೆ. ಬಣ್ಣಬಣ್ಣದ ಹಾಳೆಗಳಲ್ಲಿ ಉಳಿದೆಲ್ಲ ಮೇಲೆ ಕೆಳಗೆ ಆದರೂ ಈ ಒಂಬತ್ತು ಮಾತ್ರ ಅಲ್ಲಿಂದ ಕದಲಲಿಲ್ಲ.

ಸಮಾರಂಭ ನಡೆದದ್ದು ಹಾಜಿ ಅಲಿಯ ಹತ್ತಿರದ ಎನ್‌ಎಸ್‌ಸಿಐ ಡೋಮ್‌ನಲ್ಲಿ. ಮೂಲತಃ ಅದು ಒಳಾಂಗಣ ಕ್ರೀಡಾಂಗಣ. ಅದರೊಳಗೆ ವೇದಿಕೆ ಏಳುವುದನ್ನು ನೋಡುವುದೇ ಒಂದು ಅನುಭವ. ಲೋಹದ ಚೌಕಟ್ಟುಗಳಾದ ಟ್ರಸ್‌ಗಳನ್ನು ನೆಲದ ಮೇಲೆ ಜೋಡಿಸಿ, ದೀಪಗಳನ್ನು ಕಟ್ಟಿ, ಚೈನ್ ಮೋಟರ್‌ಗಳಿಂದ ಮೇಲೆತ್ತುತ್ತಾರೆ. ಹಿಂದೆ ಗೋಡೆಯಷ್ಟು ಎತ್ತರದ ಎಲ್‌ಇಡಿ ಪರದೆ. ಸಣ್ಣ ಸಣ್ಣ ಚೌಕಗಳನ್ನು ಒಂದೊಂದಾಗಿ ಸಿಕ್ಕಿಸಿ ಮಾಡಿದ್ದು. ಒಂದು ಚೌಕ ಕೆಟ್ಟರೂ ನಾಯಕಿಯ ಮುಖದ ಮೇಲೆ ಕಪ್ಪು ಕಿಟಕಿ ತೆರೆದ ಹಾಗೆ ಕಾಣುತ್ತದೆ, ಅದಕ್ಕೇ ಹಿಂದೆ ಇಬ್ಬರು ಹುಡುಗರು ಬಿಡಿ ಚೌಕಗಳನ್ನು ಇಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತಾರೆ.

ಕುರ್ಚಿಗಳ ಮೇಲೆ ತಾರೆಯರ ಫೋಟೋ ಅಂಟಿಸಿದ ರಟ್ಟುಗಳನ್ನು ಇಡುತ್ತಾರೆ. ಕ್ಯಾಮೆರಾದವರಿಗೆ ಯಾರು ಎಲ್ಲಿ ಕೂರುತ್ತಾರೆ ಅಂತ ಕಣ್ಣಿಗೆ ರೂಢಿಯಾಗಲಿ ಎಂದು. ‘ಇಂಥವರ ಹೆಸರು ಕರೆದರು’ ಎಂದ ತಕ್ಷಣ ಕ್ಯಾಮೆರಾ ಅವರ ಮುಖದ ಮೇಲಿರಬೇಕು. ತಡವಾದರೆ ಆ ಮೊದಲ ನಗು ತಪ್ಪಿಹೋಗುತ್ತದೆ. ರಿಹರ್ಸಲ್‌ನಲ್ಲಿ ನಮ್ಮಂಥವರೇ ತಾರೆಯರ ಬದಲು ಎದ್ದು ಹೋಗಿ ಪ್ರಶಸ್ತಿ ತಗೊಂಡು, ಸುಳ್ಳು ಭಾಷಣ ಮಾಡಿ ಇಳಿಯುತ್ತೇವೆ. ಹೊರಗೆ ನಿಂತ ಒಬಿ ವ್ಯಾನ್‌ನಲ್ಲಿ, ಅಂದರೆ ಚಿತ್ರೀಕರಣದ ಕಂಟ್ರೋಲ್ ರೂಮಿರುವ ವಾಹನದಲ್ಲಿ, ಡೈರೆಕ್ಟರ್ ಕೂತಿರುತ್ತಾರೆ. ಎಲ್ಲ ಕ್ಯಾಮೆರಾಗಳ ಚಿತ್ರವೂ ಅವರ ಎದುರಿಗೆ. ನಮ್ಮ ಕಿವಿಯ ಟಾಕ್‌ಬ್ಯಾಕ್‌ನಲ್ಲಿ ಅವರ ದನಿ ನಿಲ್ಲುವುದೇ ಇಲ್ಲ.

ಡ್ಯಾನ್ಸರ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು ಮೆಡ್ಲಿ ಎಂದರೆ ತಾರೆಯೊಬ್ಬರು ಏಳೆಂಟು ನಿಮಿಷ ತಮ್ಮ ಹಾಡುಗಳಿಗೆ ಕುಣಿಯುವುದು. ಹಾಡು ಮೊದಲೇ ರೆಕಾರ್ಡ್ ಆದ ಟ್ರ್ಯಾಕ್. ಅದರ ಜೊತೆಗೇ ಟೈಮ್‌ಕೋಡ್, ಅಂದರೆ ಕ್ಷಣಕ್ಷಣದ ಹೊತ್ತಿನ ಲೆಕ್ಕ, ಓಡುತ್ತದೆ. ದೀಪ, ಪರದೆ, ಹೊಗೆ, ಕಿಡಿ ಎಲ್ಲ ಆ ಟೈಮ್‌ಕೋಡ್ ಹಿಡಿದುಕೊಂಡೇ ನಡೆಯುತ್ತವೆ. ತಾರೆ ರಿಹರ್ಸಲ್‌ಗೆ ಬರುವುದು ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ತಾರೆಯ ಜಾಗದಲ್ಲಿ ಕೊರಿಯೋಗ್ರಾಫರ್‌ನ ಸಹಾಯಕಿ ಕುಣಿಯುತ್ತಾಳೆ. ಆಮೇಲೆ ತಾರೆಗೆ ಹೆಜ್ಜೆ ಹೇಳಿಕೊಡುವವಳೂ ಅವಳೇ. ಪರದೆಯ ಎದುರಿನ ನೆಲ ನುಣುಪು, ಚಪ್ಪಲಿ ಜಾರುತ್ತದೆ. ಒಬ್ಬ ಹಿರಿಯ ಡ್ಯಾನ್ಸರ್ ಕೋಲಾ ಬಾಟಲಿ ತರಿಸಿ ನೆಲಕ್ಕೆ ಸುರಿದು ಬಟ್ಟೆಯಲ್ಲಿ ಒರೆಸಿಸಿದರು. ಸಕ್ಕರೆಯ ಅಂಟಿಗೆ ಕಾಲು ಹಿಡಿಯುತ್ತದೆ. ಮೂರು ಹಾಡಿನ ನಡುವೆ ಎರಡು ಸಲ ಬಟ್ಟೆ ಬದಲು. ಪರದೆಯ ಹಿಂದೆ ಕತ್ತಲಲ್ಲಿ, ಅರ್ಧ ನಿಮಿಷದೊಳಗೆ. ಗುಂಡಿ ಬಿಟ್ಟು ವೆಲ್ಕ್ರೋ ಹೊಲಿದಿರುತ್ತಾರೆ. ಒಬ್ಬ ಹುಡುಗಿಯ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಪಟ್ಟಿ ಕಟ್ಟಿಕೊಂಡು ಮತ್ತೆ ಓಡಿದಳು. ನಾನು ಭರತನಾಟ್ಯ ಕಲಿತು ಅರ್ಧಕ್ಕೆ ಬಿಟ್ಟವಳು. ಆ ದುಡಿಮೆ ಎಷ್ಟು ಕಷ್ಟದ್ದು ಅಂತ ನನಗೆ ಗೊತ್ತು.

ಸಮಾರಂಭದ ದಿನ ಮಧ್ಯಾಹ್ನವೇ ಟೇಬಲ್ ಮೇಲೆ ಟ್ರೋಫಿಗಳನ್ನು ಜೋಡಿಸಿದೆ. ಯಾವುದರ ಮೇಲೂ ಹೆಸರಿಲ್ಲ. ಹೆಸರು ಕೊರೆಸಿದರೆ ಫಲಿತಾಂಶ ಹೊರಗೆ ಹೋಗುತ್ತದೆ ಎಂದು ಆಮೇಲೆ ಹೆಸರಿನ ಫಲಕ ಕೂರಿಸಿ ಕೊಡುತ್ತಾರೆ. ಲಕೋಟೆಗಳು ಆಡಿಟರ್ ಕಡೆಯವರ ಪೆಟ್ಟಿಗೆಯಲ್ಲಿ, ಅವರು ಅದನ್ನು ಕೈಯಿಂದ ಬಿಡುವುದಿಲ್ಲ. ಪ್ರಶಸ್ತಿ ಕೊಡುವವರು ಮೆಟ್ಟಿಲು ಹತ್ತುವ ಹೊತ್ತಿಗೆ ಒಂದೇ ಒಂದು ಲಕೋಟೆ ಹೊರಗೆ ಬರುತ್ತದೆ. ನಮಗೆ ಟ್ರೈನಿಂಗ್ ಕೊಡುವಾಗ 2017ರ ಆಸ್ಕರ್‌ನ ಉದಾಹರಣೆ ಹೇಳಿದ್ದರು. ಅಲ್ಲಿ ವೇದಿಕೆಯ ಎರಡೂ ಬದಿಯಲ್ಲಿ ಒಂದೊಂದು ಪೂರ್ತಿ ಸೆಟ್ ಲಕೋಟೆ ಇರುತ್ತಿತ್ತು. ಅತ್ಯುತ್ತಮ ನಟಿಯ ಪ್ರಶಸ್ತಿ ಒಂದು ಬದಿಯಿಂದ ಹೋಯಿತು. ಇನ್ನೊಂದು ಬದಿಯಲ್ಲಿ ಉಳಿದಿದ್ದ ಅದರ ಜೋಡಿ ಲಕೋಟೆ ಅತ್ಯುತ್ತಮ ಚಿತ್ರ ಘೋಷಿಸುವವರ ಕೈಗೆ ಸೇರಿತು. ಅದರಲ್ಲಿ ನಟಿಯ ಜೊತೆಗಿದ್ದ ಚಿತ್ರದ ಹೆಸರು ನೋಡಿ, ‘ಮೂನ್‌ಲೈಟ್’ ಬದಲು ‘ಲಾ ಲಾ ಲ್ಯಾಂಡ್’ ಎಂದು ಓದಿಬಿಟ್ಟರು. ಗೆದ್ದೆವೆಂದುಕೊಂಡವರು ಭಾಷಣ ಮಾಡುತ್ತಿರುವಾಗ ವೇದಿಕೆಯ ಮೇಲೇ ತಿದ್ದಬೇಕಾಯಿತು. ನಮ್ಮಲ್ಲಿ ಲಕೋಟೆ ಒಂದೇ ಬದಿಯಿಂದ, ನನ್ನ ಬದಿಯಿಂದ.

ಸಂಜೆ ಆ ಒಂಬತ್ತು ತಾಂತ್ರಿಕ ಪ್ರಶಸ್ತಿಗಳು ಶುರುವಾದವು. ಆಗ ತಾರೆಯರು ಹೊರಗೆ ರೆಡ್ ಕಾರ್ಪೆಟ್ ಮೇಲಿದ್ದರು. ಮುಂದಿನ ಸಾಲುಗಳು ಖಾಲಿ. ಖಾಲಿ ಕುರ್ಚಿ ಕ್ಯಾಮೆರಾದಲ್ಲಿ ಕಾಣಬಾರದು ಎಂದು ಕಾಲೇಜಿನ ಹುಡುಗ ಹುಡುಗಿಯರನ್ನು ಕರೆಸಿ ಚೆನ್ನಾಗಿ ಬಟ್ಟೆ ಹಾಕಿಸಿ ಕೂರಿಸಿದ್ದರು. ಅವರಿಗೆ ಸೀಟ್ ಫಿಲ್ಲರ್ ಎನ್ನುತ್ತಾರೆ. ತಾರೆ ಎದ್ದು ಹೋದಾಗ ಓಡಿಬಂದು ಕೂರಬೇಕು, ತಾರೆ ಬಂದಾಗ ಏಳಬೇಕು. ಗೆದ್ದ ಸಂಕಲನಕಾರರಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಈ ಮಕ್ಕಳೇ.

ಧ್ವನಿ ವಿನ್ಯಾಸದ ಪ್ರಶಸ್ತಿ ಬಂತು. ಕೊಡಲು ಬಂದ ಇಬ್ಬರು ಹೊಸ ನಟರಿಗೆ ಹಿಂದಿನ ದಿನ ರಿಹರ್ಸಲ್‌ಗೆ ಬಿಡುವಾಗಿರಲಿಲ್ಲ. ಎದುರಿನ ಪ್ರಾಂಪ್ಟರ್ ನೋಡಿ ಓದಿದರು. ಹಿಂದಿ ಮಾತುಗಳನ್ನೂ ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿರುತ್ತಾರೆ. ಗೆದ್ದವರ ಹೆಸರನ್ನು ತಪ್ಪಾಗಿ ಓದಿದರು. ಟಾಕ್‌ಬ್ಯಾಕ್‌ನಲ್ಲಿ ‘ಮುಂದುವರಿಯಿರಿ’ ಎಂದು ಬಂತು. ಇದೇ ತಪ್ಪು ದೊಡ್ಡ ಪ್ರಶಸ್ತಿಯಲ್ಲಿ ಆಗಿದ್ದರೆ ನಿಲ್ಲಿಸಿ ಮತ್ತೆ ಓದಿಸುತ್ತಿದ್ದರು. ರಾತ್ರಿ ಹಾಗೆ ಓದಿಸಿದ್ದನ್ನು ನಾನೇ ನೋಡಿದೆ.

ಗೆದ್ದವರು ನಲವತ್ತರ ಆಸುಪಾಸಿನವರು. ತುಂಬಾ ಹೊತ್ತು ಮಾತಾಡಲಿಲ್ಲ. ಮಳೆಯ ಒಂದು ದೃಶ್ಯದ ಬಗ್ಗೆ ಹೇಳಿದರು. ಶೂಟಿಂಗ್ ಜಾಗದಲ್ಲಿ ಹಿಡಿದ ಮಳೆಯ ಸದ್ದನ್ನು ಬಳಸಲು ಆಗಲಿಲ್ಲವಂತೆ. ನೀರು ಸುರಿಸುವ ಯಂತ್ರದ ಸದ್ದೇ ಜಾಸ್ತಿ. ಹಾಗಾಗಿ ಮಳೆಗಾಲದಲ್ಲಿ ಊರಿಗೆ ಹೋಗಿ ಹೆಂಚಿನ ಮೇಲೆ ಬೀಳುವ ಮಳೆ, ತಗಡಿನ ಮೇಲಿನದು, ಅಡಿಕೆ ತೋಟದಲ್ಲಿ ಎಲೆಯಿಂದ ಎಲೆಗೆ ಬೀಳುವುದು, ಅಂಗಳದ ಕೆಸರಿಗೆ ಬೀಳುವುದು ಎಲ್ಲವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ತಂದರಂತೆ. ಜೊತೆಗೆ ಬಂದು ನೆನೆಯುತ್ತಾ ಮೈಕ್‌ನ ಕೋಲು ಹಿಡಿದು ನಿಂತ ಹುಡುಗನ ಹೆಸರು ಹೇಳಿ, ‘ಈ ಟ್ರೋಫಿಯಲ್ಲಿ ಅವನ ಪಾಲಿದೆ’ ಎಂದರು. ಕೊನೆಗೆ ಒಂದೇ ಒಂದು ವಾಕ್ಯ ಕನ್ನಡದಲ್ಲಿ: ‘ಅಮ್ಮಾ, ಇದು ನಮ್ಮನೆ ಮಳೆ.’

ನನಗೆ ಮೈ ಜುಮ್ಮೆಂದಿತು. ಇಳಿದು ಬಂದಾಗ ಕೈ ಹಿಡಿದು, ‘ಸರ್, ಇಲ್ಲಿ ಮೆಟ್ಟಿಲಿದೆ, ನೋಡ್ಕೊಂಡು ಬನ್ನಿ’ ಎಂದು ಕನ್ನಡದಲ್ಲೇ ಅಂದೆ.

‘ಅರೇ, ಕನ್ನಡದವರಾ ನೀವು?’

‘ಹೌದು ಸರ್. ಡೊಂಬಿವಲಿ. ಅಪ್ಪ ಧಾರವಾಡದವರು.’

‘ನಂದು ತೀರ್ಥಹಳ್ಳಿ ಹತ್ರ. ಅಮ್ಮನಿಗೆ ಹಿಂದಿ ಬರಲ್ಲ ನೋಡಿ. ಅದಕ್ಕೇ ಕನ್ನಡದಲ್ಲಿ ಹೇಳಿದೆ. ಟಿವಿಯಲ್ಲಿ ಬಂದಾಗ ಅಷ್ಟಾದರೂ ಗೊತ್ತಾಗಲಿ ಅಂತ.’

ಫೋಟೋ ಕೋಣೆಯಲ್ಲಿ ಒಬ್ಬಿಬ್ಬರು ಫೋಟೋಗ್ರಾಫರ್‌ಗಳಿದ್ದರು. ಉಳಿದವರೆಲ್ಲ ರೆಡ್ ಕಾರ್ಪೆಟ್ ಕಡೆ. ಕಾರ್ಡ್ ಕೊಟ್ಟು, ‘ಯಾವತ್ತು ಟಿವಿಯಲ್ಲಿ ಬರುತ್ತೆ ಅಂತ ಗೊತ್ತಾದರೆ ಹೇಳ್ತೀರಾ? ಊರಲ್ಲಿ ಕರೆಂಟು ಹೋಗ್ತಿರುತ್ತೆ, ಮೊದಲೇ ಯುಪಿಎಸ್ ವ್ಯವಸ್ಥೆ ಮಾಡಿಸ್ಬೇಕು’ ಎಂದರು. ಹೇಳ್ತೀನಿ ಸರ್ ಎಂದೆ.

ಒಂಬತ್ತು ಪ್ರಶಸ್ತಿಗಳೂ ಮುಗಿದ ಮೇಲೆ ಹಾಲ್ ತುಂಬಿತು. ದೀಪ ಆರಿ ಹೊತ್ತಿ, ಇಬ್ಬರು ನಿರೂಪಕರು ಮೇಲಿನಿಂದ ಇಳಿಯುವ ವೇದಿಕೆಯ ಮೇಲೆ ಬಂದರು. ಟಿವಿಯಲ್ಲಿ ಶುರುವಾಗುವುದು ಇಲ್ಲಿಂದ.

ನಿರೂಪಕರ ಕೆಲಸ ಸುಲಭ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಬರೆದುಕೊಟ್ಟ ಹಾಸ್ಯ ಮುಂದಿನ ಸಾಲಿನಲ್ಲಿ ಕೂತವರ ಮೇಲೇ ಇರುತ್ತದೆ. ಯಾರ ಬಗ್ಗೆ ಏನು ಹೇಳಬಹುದು ಅಂತ ಅವರ ಮ್ಯಾನೇಜರ್‌ಗಳ ಜೊತೆ ಮೊದಲೇ ಮಾತಾಗಿರುತ್ತದೆ. ಅಷ್ಟಾದರೂ ಒಂದು ಮಾತಿಗೆ ಹಾಲ್ ಮೌನವಾದರೆ ಅದನ್ನು ಎತ್ತಿ ನಿಲ್ಲಿಸಬೇಕಾದವರು ಅವರೇ. ಒಬ್ಬ ನಿರೂಪಕರು ಪ್ರಾಂಪ್ಟರ್ ಬಿಟ್ಟು, ಬಾಲ್ಕನಿಯಲ್ಲಿದ್ದ ಜನರ ಜೊತೆ ಐದು ನಿಮಿಷ ಮಾತಾಡಿದರು. ಅಷ್ಟರಲ್ಲಿ ನಾವು ಹಿಂದೆ ಮುರಿದಿದ್ದ ಒಂದು ಮೆಟ್ಟಿಲನ್ನು ಸರಿಮಾಡಿಕೊಂಡೆವು. ಅವರಿಗೆ ಕಿವಿಯಲ್ಲಿ ಬಂದದ್ದು ಒಂದೇ ಮಾತು, ‘ಸ್ಟ್ರೆಚ್’, ಅಂದರೆ ಮಾತು ಎಳೆಯುತ್ತಾ ಇರಿ ಅಂತ. ಮುಖದಲ್ಲಿ ಗೊತ್ತೇ ಆಗಲಿಲ್ಲ. ಒಳ್ಳೆಯ ನಿರೂಪಕರಿಗೆ ನಾನು ಅವತ್ತಿನಿಂದ ಕೈಮುಗಿಯುತ್ತೇನೆ.

ಮೆಡ್ಲಿಗಳು ಅದ್ಭುತವಾಗಿದ್ದವು. ಒಬ್ಬ ನಟಿ ಜ್ವರದಲ್ಲೇ ಬಂದಿದ್ದರು. ಗ್ರೀನ್ ರೂಮಿನಲ್ಲಿ ಕಂಬಳಿ ಹೊದ್ದು ಕೂತಿದ್ದವರು, ಟ್ರ್ಯಾಕ್ ಶುರುವಾದಾಗ ಬೇರೆಯೇ ಮನುಷ್ಯರಾದರು. ಕುಣಿದು ನನ್ನ ಬದಿಗೆ ಬಂದು ಟ್ರೋಫಿ ಟೇಬಲ್ ಹಿಡಿದು ಏದುಸಿರು ಬಿಟ್ಟರು. ಅವರ ಹಿಂದೆಯೇ ಬಂದ ಡ್ಯಾನ್ಸರ್‌ಗಳ ಕಡೆ ತಿರುಗಿ ಕೈಮುಗಿದರು.

ದೊಡ್ಡ ಪ್ರಶಸ್ತಿಗಳು ಬಂದದ್ದು ಮಧ್ಯರಾತ್ರಿ ದಾಟಿದ ಮೇಲೆ. ಅತ್ಯುತ್ತಮ ನಟ ಗೆದ್ದವರು ತಮ್ಮ ಭಾಷಣದಲ್ಲಿ ಛಾಯಾಗ್ರಾಹಕರನ್ನೂ ಧ್ವನಿಯವರನ್ನೂ ನೆನೆದರು. ನನಗೆ ಖುಷಿಯಾಯಿತು. ಆದರೆ ಆ ಹೊತ್ತಿಗೆ ಅವರಿಬ್ಬರೂ ಹಾಲ್‌ನಲ್ಲಿ ಇರಲಿಲ್ಲ. ಮರುದಿನ ಬೆಳಗ್ಗೆ ಕೆಲಸವಿದ್ದವರು, ಹೊರಟುಹೋಗಿದ್ದರು. ಎಲ್ಲ ಮುಗಿಯುವಾಗ ಎರಡೂವರೆ. ದಾದರ್‌ವರೆಗೆ ಟ್ಯಾಕ್ಸಿಯಲ್ಲಿ ಬಂದು ಬೆಳಗಿನ ಮೊದಲ ಲೋಕಲ್ ಹಿಡಿದೆ.

ಪ್ರಸಾರವಾದದ್ದು ಕೆಲವು ವಾರಗಳ ನಂತರ, ಒಂದು ಭಾನುವಾರ ಸಂಜೆ. ಮೂರು ಗಂಟೆಯ ಸ್ಲಾಟ್. ಹಾಲ್‌ನಲ್ಲಿ ನಡೆದದ್ದು ಅದರ ದುಪ್ಪಟ್ಟಿಗೂ ಜಾಸ್ತಿ. ಟಿವಿಯಲ್ಲಿ ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಮತ್ತು ಚಾನೆಲ್‌ನ ಸ್ವಂತ ಪ್ರಚಾರಕ್ಕೆ ನಿಯಮ ಬಿಡುತ್ತದೆ. ಅಂದರೆ ಮೂರು ಗಂಟೆಯಲ್ಲಿ 36 ನಿಮಿಷ ಅದಕ್ಕೇ ಹೋಗಬಹುದು. ಉಳಿದದ್ದು ಎರಡು ಗಂಟೆ 24 ನಿಮಿಷ. ಅದರಲ್ಲಿ ಮೆಡ್ಲಿಗಳೇ ಮುಕ್ಕಾಲು ಗಂಟೆ. ಕತ್ತರಿ ಹಾಕದೆ ಸಾಧ್ಯವಿಲ್ಲ, ನನಗೂ ಅರ್ಥವಾಗುತ್ತದೆ. ಎಲ್ಲಿ ಹಾಕುತ್ತಾರೆ ಅನ್ನುವುದೇ ಪ್ರಶ್ನೆ.

ತೀರ್ಥಹಳ್ಳಿಯವರಿಗೆ ದಿನ ತಿಳಿಸಿದ್ದೆ. ನಾವೂ ಮನೆಮಂದಿಯೆಲ್ಲ ಟಿವಿ ಮುಂದೆ ಕೂತೆವು. ಒಂಬತ್ತು ತಾಂತ್ರಿಕ ಪ್ರಶಸ್ತಿಗಳೂ ಒಂದು ಸಂಗೀತದ ತುಣುಕಿನ ಮೇಲೆ ಸಾಲಾಗಿ ಓಡಿಹೋದವು. ಒಬ್ಬೊಬ್ಬರಿಗೆ ಮೂರು ಸೆಕೆಂಡಿನಷ್ಟು. ಟ್ರೋಫಿ ತಗೊಳ್ಳುವ ಕೈ, ಒಂದು ನಗು, ಕೆಳಗೆ ಹೆಸರು. ಮಾತಿಲ್ಲ. ಚಪ್ಪಾಳೆ ತಟ್ಟುವ ತಾರೆಯರ ಮುಖಗಳನ್ನು ರಾತ್ರಿಯ ಬೇರೆ ಯಾವುದೋ ಹೊತ್ತಿನದ್ದನ್ನು ತಂದು ಸೇರಿಸಿದ್ದರು. ಖಾಲಿ ಹಾಲ್‌ನಲ್ಲಿ ನಿಜವಾಗಿ ಚಪ್ಪಾಳೆ ತಟ್ಟಿದ ಆ ಹುಡುಗ ಹುಡುಗಿಯರೂ ಇಲ್ಲ. ಮಳೆಯ ಸದ್ದು ಹಿಡಿದು ಗೆದ್ದವರ ಸದ್ದನ್ನೇ ತೆಗೆದುಹಾಕಿದ್ದರು.

ಅಪ್ಪ, ‘ಅಷ್ಟೇನಾ? ಅವರು ಏನೋ ಹೇಳಿದ್ರು ಅಂತ ನೀನು ಅಂದಿದ್ದೆಯಲ್ಲಾ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮಾರನೇ ದಿನ ತೀರ್ಥಹಳ್ಳಿಯವರೇ ಫೋನ್ ಮಾಡಿದರು. ಬೇಸರವನ್ನು ತೋರಿಸಿಕೊಳ್ಳಲಿಲ್ಲ. ‘ಅಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿದ್ರು. ಕಣ್ಣು ಮಿಟುಕಿಸುವುದರಲ್ಲಿ ಹೋಯ್ತು. ನೀನು ಮಾತಾಡ್ಲೇ ಇಲ್ವಾ ಮಗಾ ಅಂತ ಕೇಳ್ತಿದ್ದಾರೆ. ಆ ರೆಕಾರ್ಡಿಂಗ್ ಎಲ್ಲಾದ್ರೂ ಸಿಗುತ್ತಾ?’ ಎಂದರು.

ಎಡಿಟ್ ಮಾಡುವ ಸ್ಟುಡಿಯೋಗೆ ಹೋಗಿ ಕೇಳಿದೆ. ಶೋ ಡೈರೆಕ್ಟರ್ ಒಳ್ಳೆಯ ಮನುಷ್ಯ. ಚಾನೆಲ್‌ನಿಂದ ಒಪ್ಪಿಗೆ ಪಡೆದು, ಅವರ ಭಾಷಣದ ತುಣುಕನ್ನು ತೆಗೆಸಿಕೊಟ್ಟರು. ಪೂರಾ ಭಾಷಣ ಒಂದೂವರೆ ನಿಮಿಷವೂ ಇರಲಿಲ್ಲ. ತೀರ್ಥಹಳ್ಳಿಯ ಅಮ್ಮ ಅದನ್ನು ಫೋನಿನಲ್ಲಿ ನೋಡಿದರು, ಅಕ್ಕಪಕ್ಕದವರಿಗೂ ತೋರಿಸಿದರು. ಒಬ್ಬರ ಮನೆಗೆ ಇಷ್ಟಾಯಿತು. ಉಳಿದ ಎಂಟು ಮನೆಗಳ ವಿಷಯ ಏನು?

ಹೀಗೆ ಕೇಳಲು ನಮಗೆ, ಅದರಲ್ಲೂ ಮುಂಬೈಯ ಕನ್ನಡಿಗರಿಗೆ, ಜಾಸ್ತಿ ಕಾರಣವಿದೆ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು ಈ ಊರಿಗೆ ಬಂದು ಗುರುದತ್ ಜೊತೆ ದುಡಿದರು. ದೇಶದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ, 1959ರ ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದವರು ಅವರು. ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಗೆ ತಿರುಗಿಸಿ ಅವರು ಮೂಡಿಸಿದ ಆ ಬೆಳಕಿನ ಕೋಲನ್ನು ಇವತ್ತಿಗೂ ಸಿನಿಮಾ ಕಲಿಯುವವರು ನೋಡುತ್ತಾರೆ. ಚಿತ್ರ ಓಡಲಿಲ್ಲ. ಆದರೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಕೂಡ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆಸ್ಕರ್ ಗೆದ್ದ ಮೊದಲ ಭಾರತೀಯರು ಯಾರು? ನಟರಲ್ಲ, ನಿರ್ದೇಶಕರೂ ಅಲ್ಲ. ಕೊಲ್ಹಾಪುರದಲ್ಲಿ ಹುಟ್ಟಿ ಮುಂಬೈಯಲ್ಲಿ ಬಟ್ಟೆ ವಿನ್ಯಾಸ ಮಾಡುತ್ತಿದ್ದ ಭಾನು ಅಥೈಯಾ. 1983ರಲ್ಲಿ, ‘ಗಾಂಧಿ’ ಚಿತ್ರಕ್ಕೆ. 2009ರಲ್ಲಿ ರಸೂಲ್ ಪೂಕುಟ್ಟಿ ಗೆದ್ದಿದ್ದು ಧ್ವನಿಗೆ. ಅವರು ಕಲಿತದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅವತ್ತು ಅವರ ಭಾಷಣವನ್ನು ಇಡೀ ದೇಶ ಕೇಳಿತು, ಹೆಮ್ಮೆಪಟ್ಟಿತು. ಅದೇ ಕೆಲಸಕ್ಕೆ ನಮ್ಮಲ್ಲೇ ಪ್ರಶಸ್ತಿ ಕೊಡುವಾಗ ಮೂರು ಸೆಕೆಂಡು!

ಕೇಳಿದರೆ ಬದಲಾಗುವುದಿಲ್ಲ ಅಂತ ಹೇಳುವವರಿಗೆ ಒಂದು ಹಳೆಯ ಘಟನೆ ನೆನಪಿಸುತ್ತೇನೆ. 1954ರ ಮಾರ್ಚ್ 21ರಂದು ಮುಂಬೈಯ ಮೆಟ್ರೋ ಚಿತ್ರಮಂದಿರದಲ್ಲಿ ಮೊದಲ ಫಿಲ್ಮ್‌ಫೇರ್ ಸಮಾರಂಭ ನಡೆದಾಗ ಇದ್ದದ್ದು ಐದೇ ಪ್ರಶಸ್ತಿ: ಚಿತ್ರ, ನಿರ್ದೇಶಕ, ನಟ, ನಟಿ, ಸಂಗೀತ ನಿರ್ದೇಶಕ. ಹಾಡುವವರಿಗೆ ಇರಲೇ ಇಲ್ಲ. ಕೆಲವು ವರ್ಷಗಳ ನಂತರ ‘ಚೋರಿ ಚೋರಿ’ಯ ಸಂಗೀತಕ್ಕೆ ಶಂಕರ್ ಜೈಕಿಶನ್ ಅವರಿಗೆ ಪ್ರಶಸ್ತಿ ಬಂತು. ಸಮಾರಂಭದಲ್ಲಿ ಅದರ ಹಾಡು ಹಾಡಲು ಲತಾ ಮಂಗೇಶ್ಕರ್ ಅವರನ್ನು ಕರೆದರು. ಗಾಯಕರಿಗೆ ಪ್ರಶಸ್ತಿಯೇ ಇಲ್ಲದ ಮೇಲೆ ಹಾಡುವುದಿಲ್ಲ ಎಂದುಬಿಟ್ಟರು ಅವರು. 1959ರಲ್ಲಿ ಗಾಯನಕ್ಕೆ ಪ್ರಶಸ್ತಿ ಬಂತು, ಮೊದಲನೆಯದು ಲತಾ ಅವರಿಗೇ. ಆಸ್ಕರ್‌ನವರೂ 2022ರಲ್ಲಿ ಸಂಕಲನ, ಧ್ವನಿ ಸೇರಿ ಎಂಟು ಪ್ರಶಸ್ತಿಗಳನ್ನು ನೇರ ಪ್ರಸಾರಕ್ಕೆ ಮುಂಚೆಯೇ ಕೊಟ್ಟು, ಆಮೇಲೆ ಕತ್ತರಿಸಿ ತೋರಿಸಿದರು. ಸಿನಿಮಾದವರೇ ಸಿಟ್ಟಾದರು. ಮುಂದಿನ ವರ್ಷ ಎಲ್ಲವನ್ನೂ ನೇರವಾಗಿಯೇ ತೋರಿಸಿದರು.

ಈ ಸಲ ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಹೋಗುತ್ತೇನೆ. ಹೋಗುವ ಮುಂಚೆ ಶೋ ಡೈರೆಕ್ಟರ್‌ಗೆ ಒಂದು ಪತ್ರ ಬರೆದುಕೊಟ್ಟಿದ್ದೇನೆ. ತಾಂತ್ರಿಕ ಪ್ರಶಸ್ತಿಗಳನ್ನು ರೆಡ್ ಕಾರ್ಪೆಟ್ ಹೊತ್ತಿನಿಂದ ತೆಗೆದು ಎರಡನೇ ಮತ್ತು ಮೂರನೇ ಮೆಡ್ಲಿಯ ನಡುವೆ ಇಡಿ. ಆಗ ಹಾಲ್ ತುಂಬಿರುತ್ತದೆ, ಹಿಂದೆ ವೇದಿಕೆ ಬದಲಿಸಲು ನಮಗೂ ಸಮಯ ಸಿಗುತ್ತದೆ. ಕೊಡುವವರು ಹಿಂದಿನ ದಿನ ಬರಲಾಗದಿದ್ದರೆ ಮೆಟ್ಟಿಲು ಹತ್ತುವ ಮುಂಚೆ ನಾವೇ ಅವರಿಂದ ನಾಮನಿರ್ದೇಶನಗೊಂಡವರ ಹೆಸರುಗಳನ್ನೆಲ್ಲ ಎರಡು ಸಲ ಓದಿಸುತ್ತೇವೆ. ಧ್ವನಿಯ ಪ್ರಶಸ್ತಿ ಘೋಷಿಸುವಾಗ ಒಂದು ದೃಶ್ಯವನ್ನು ಮೊದಲು ಸದ್ದಿಲ್ಲದೆ, ಆಮೇಲೆ ಅದನ್ನೇ ಸದ್ದಿನೊಂದಿಗೆ ತೋರಿಸಿ, ನೋಡುವವರಿಗೆ ಆ ಕೆಲಸ ಏನೆಂದು ತಾನಾಗಿ ಗೊತ್ತಾಗುತ್ತದೆ. ಪ್ರಸಾರದಲ್ಲಿ ಒಬ್ಬೊಬ್ಬರಿಗೆ 45 ಸೆಕೆಂಡು ಕೊಡಿ. ಒಂಬತ್ತು ಜನಕ್ಕೆ ಸೇರಿ ಏಳು ನಿಮಿಷವೂ ಆಗುವುದಿಲ್ಲ, ಒಂದು ಮೆಡ್ಲಿಗಿಂತ ಕಡಿಮೆ. ಪೂರಾ ಭಾಷಣಗಳನ್ನು ಚಾನೆಲ್‌ನ ಯೂಟ್ಯೂಬ್‌ನಲ್ಲಿ ಹಾಕಿ.

ಡೈರೆಕ್ಟರ್ ಪತ್ರ ಓದಿದರು. ಜಾಗ ಬದಲಿಸಲು, ಹೆಸರು ಓದಿಸಲು, ದೃಶ್ಯ ತೋರಿಸಲು ಒಪ್ಪಿದ್ದಾರೆ. ಯೂಟ್ಯೂಬ್‌ಗೂ ಅಡ್ಡಿಯಿಲ್ಲವಂತೆ. 45 ಸೆಕೆಂಡಿನ ವಿಷಯ ಮಾತ್ರ ಚಾನೆಲ್ ಕೈಯಲ್ಲಿದೆ, ಆ ಮಾತುಕತೆ ಇನ್ನೂ ನಡೆಯುತ್ತಿದೆ.